ಫೌಂಟನ್ಸ್ ಅಬ್ಬೆಯನ್ನು ಹೆಜ್ಜೆಯಲ್ಲಿ ಅಳೆದ ಕತೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ರಿಪನ್ ಊರಿನ ಹತ್ತಿರ ಇರುವ ಫೌಂಟನ್ಸ್ ಅಬ್ಬೆಗೆ, ಅಂದರೆ ಕ್ರೈಸ್ತ ಸನ್ಯಾಸಿಗಳ ಪಾಳುಬಿದ್ದ ಮಠಕ್ಕೆ, ಮೂರು ಸಲ ಹೋಗಿದ್ದೆ. ಮೂರು ಸಲವೂ ಫೋಟೊ ತೆಗೆದು, ಟೀ ಕುಡಿದು ವಾಪಸ್. 2019ರಲ್ಲಿ ನಾಲ್ಕನೇ ಸಲ ಹೋದಾಗ ಗ್ರಾಫ್ ಹಾಳೆ, ಪೆನ್ಸಿಲ್, ದಿಕ್ಸೂಚಿ ಜೊತೆಗಿತ್ತು. ಈ ಪಾಳು ಗೋಡೆಗಳಲ್ಲಿ ಯಾವುದು ಏನು ಅಂತ ನಾನೇ ನಕ್ಷೆ ಬರೆದು ಕಂಡುಕೊಳ್ಳಬೇಕು ಅನ್ನೋ ಹಟ. ಫಲಕ ಓದಬಾರದು ಅಂತ ನಿಯಮ ಬೇರೆ ಹಾಕಿಕೊಂಡಿದ್ದೆ.

1132ರಲ್ಲಿ ಯಾರ್ಕ್‌ನ ಮಠದಲ್ಲಿ ಶಿಸ್ತು ಸಡಿಲಾಯಿತು ಅಂತ ಜಗಳವಾಡಿ 13 ಸನ್ಯಾಸಿಗಳು ಹೊರಬಂದರು. ಇಲ್ಲಿನ ಸ್ಕೆಲ್ ಹೊಳೆಯ ಕಣಿವೆಯಲ್ಲಿ ನೆಲೆಸಿ, ಆಮೇಲೆ ಕಟ್ಟುನಿಟ್ಟಿನ ಸಿಸ್ಟರ್ಸಿಯನ್ ಸನ್ಯಾಸಿ ಪಂಥ ಸೇರಿದರು. 1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮಠ ಮುಚ್ಚಿತು.

ಚರ್ಚ್ ಸುಲಭ: ಪೂರ್ವ-ಪಶ್ಚಿಮ ಉದ್ದಕ್ಕೆ ಚಾಚಿದೆ. ಅದರ ದಕ್ಷಿಣಕ್ಕೆ ಚೌಕ ಅಂಗಳ, ಅದೇ ಕ್ಲಾಯ್ಸ್ಟರ್. ಸುತ್ತ ಜಗಲಿ, ಜಗಲಿಯಿಂದ ಎಲ್ಲ ಕೋಣೆಗೂ ದಾರಿ. ತೊಟ್ಟಿ ಮನೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಪೂರ್ವಕ್ಕೆ ಸನ್ಯಾಸಿಗಳು ದಿನಾ ಸಭೆ ಸೇರುತ್ತಿದ್ದ ಕೋಣೆ. ಪಶ್ಚಿಮಕ್ಕೆ ಉಗ್ರಾಣದ ಉದ್ದನೆಯ ಕಮಾನುಗಳು. ನನ್ನ ಒಂದು ಹೆಜ್ಜೆ ಮುಕ್ಕಾಲು ಮೀಟರ್. ಈ ಉಗ್ರಾಣದ ಉದ್ದ 118 ಹೆಜ್ಜೆ ಆಯಿತು. ನಿಜವಾದ ಉದ್ದ ಸುಮಾರು 90 ಮೀಟರ್ ಅಂತ ಮನೆಗೆ ಬಂದ ಮೇಲೆ ನೋಡಿ ಖುಷಿಪಟ್ಟೆ. ಹೊಲ, ಕುರಿ, ಕಟ್ಟಡ ಕೆಲಸ ಮಾಡುತ್ತಿದ್ದ ಲೇ ಬ್ರದರ್‌ಗಳು (ಮಠದ ದುಡಿಮೆಗೆಂದೇ ಇದ್ದ ಸೋದರರು) ಇದರ ಒಂದು ಭಾಗದಲ್ಲಿ ಉಂಡು, ಮಹಡಿಯಲ್ಲಿ ಮಲಗುತ್ತಿದ್ದರು.

ತಪ್ಪಿದ್ದು ದಕ್ಷಿಣದಲ್ಲಿ. ಊಟದ ಮನೆ ಅಂಗಳದ ಉದ್ದಕ್ಕೆ ಮಲಗಿರಬೇಕು ಅಂತ ಮೊದಲೇ ಗೆರೆ ಎಳೆದುಬಿಟ್ಟಿದ್ದೆ. ಹಾಗೆ ಎಳೆದರೆ ಅಡುಗೆಮನೆಗೆ ಜಾಗವೇ ಇಲ್ಲ! ಹೋಗಿ ನೋಡಿದರೆ ಊಟದ ಮನೆ ಅಂಗಳದ ಉದ್ದಕ್ಕಲ್ಲ, ಅಂಗಳದಿಂದ ಹೊಳೆಯ ಕಡೆಗೆ ಚಾಚಿದೆ. ಅದರ ಪೂರ್ವಕ್ಕೆ ದೊಡ್ಡ ಒಲೆಗಳಿರುವ ಚಳಿ ಕಾಯಿಸುವ ಕೋಣೆ, ಪಶ್ಚಿಮಕ್ಕೆ ಅಡುಗೆಮನೆ. ಅಂದರೆ ಒಂದೇ ಅಡುಗೆಮನೆ ಆ ಕಡೆ ಸನ್ಯಾಸಿಗಳಿಗೆ, ಈ ಕಡೆ ಲೇ ಬ್ರದರ್‌ಗಳಿಗೆ. ಊಟದ ಮನೆಯ ಗೋಡೆಯೊಳಗೇ ಒಂದು ಮೆಟ್ಟಿಲು ಹತ್ತುತ್ತದೆ. ಎಲ್ಲರೂ ಬಾಯಿ ಮುಚ್ಚಿ ಉಣ್ಣುವಾಗ ಒಬ್ಬ ಅಲ್ಲಿ ನಿಂತು ಓದುತ್ತಿದ್ದನಂತೆ. ನಮ್ಮ ಮನೆಯಲ್ಲಿ ಇದು ಎರಡು ದಿನವೂ ನಡೆಯದು.

ರಬ್ಬರ್ ಸವೆಸಿದ ಮೇಲೆ ನಕ್ಷೆಗೆ ಸೂತ್ರ ಸಿಕ್ಕಿತು: ನೀರು ನೋಡು. ಅಡುಗೆ, ಪಾಯಿಖಾನೆ, ರೋಗಿಗಳ ಮನೆ ಎಲ್ಲವೂ ಹೊಳೆಯ ಕಡೆಗೇ. ರೋಗಿಗಳ ಮನೆಯನ್ನಂತೂ ಹೊಳೆಯ ಮೇಲೆ ಕಮಾನು ಸುರಂಗ ಕಟ್ಟಿ, ಅದರ ಮೇಲೆ ನಿಲ್ಲಿಸಿದ್ದಾರೆ.

ಹೊಳೆ ದಡದ ಒಂದಷ್ಟು ಹುಲ್ಲನ್ನು ಮಾತ್ರ ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದೆ. 2021ರಲ್ಲಿ ಸುದ್ದಿ ಬಂತು. ನೆಲದೊಳಗೆ ರೇಡಾರ್ ಬಿಟ್ಟು ನೋಡಿದಾಗ ಮಠದ ಜಾಗದಲ್ಲೇ ದೊಡ್ಡದೊಂದು ಚರ್ಮ ಹದ ಮಾಡುವ ಜಾಗ ಸಿಕ್ಕಿತ್ತು. ಸುಣ್ಣ, ಮರದ ತೊಗಟೆ, ಮೂತ್ರ ಬಳಸುವ ಕೆಲಸ ಅದು. ಪ್ರಾರ್ಥನೆಯ ಜಾಗಕ್ಕೆ ಅಷ್ಟು ಹತ್ತಿರ ಆ ವಾಸನೆ! ಈಗ ನನ್ನ ಹಾಳೆಗೆ ಇನ್ನೊಂದು ಹಾಳೆ ಅಂಟಿಸಬೇಕಾಗಿದೆ.