ಪಕ್ವ ವೈರಸ್ಸಿನ ಮೇಲೆ ಡೆಂಗಿ ಪ್ರತಿಕಾಯ ಅಳೆದ ನನ್ನ ಅನುಭವ

ಡೆಂಗಿ ಬಂದುಹೋದವರ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವದಲ್ಲಿ) ನಿಜವಾಗಿ ರಕ್ಷಣೆ ಕೊಡುವ ಪ್ರತಿಕಾಯ ಎಷ್ಟಿದೆ ಎಂದು ತಿಳಿಯಬೇಕಾದರೆ, ಸಿ6/36 ಎಂಬ ಸೊಳ್ಳೆಯ ಕೋಶಗಳಲ್ಲಿ ಬೆಳೆಸಿದ ವೈರಸ್ಸನ್ನು ಬದಿಗಿಟ್ಟು ಪೂರ್ತಿ ಪಕ್ವವಾದ ಕಣಗಳ ಮೇಲೆ ಪರೀಕ್ಷಿಸಬೇಕೆಂದು ಮೂರು ವರ್ಷಗಳ ಹಿಂದೆ ಬೆಂಗಳೂರಿನ ನಮ್ಮ ಪ್ರಯೋಗಾಲಯದ ಸಭೆಯಲ್ಲಿ ಹೇಳಿದ್ದೆ. “ಇಷ್ಟು ವರ್ಷ ಸಿ6/36 ವೈರಸ್ಸಿನಲ್ಲೇ ಕೆಲಸ ನಡೆದಿಲ್ಲವೇ?” ಎಂದು ಹಿರಿಯರೊಬ್ಬರು ಕೇಳಿದರು. ನಡೆದಿತ್ತು, ಆದರೆ ಒಂದು ಸೀರಂ ನನ್ನ ನಿದ್ದೆ ಕೆಡಿಸಿತ್ತು.

ಅದು ನಮ್ಮ ಸಹೋದ್ಯೋಗಿಯೊಬ್ಬರದು. ಅವರಿಗೆ ಮೊದಲ ಸಲ ಬಂದದ್ದು ಡೆಂಗಿ ವೈರಸ್ಸಿನ ನಾಲ್ಕು ಬಗೆಗಳಲ್ಲಿ (ಸೀರೋಟೈಪ್) ಎರಡನೆಯದು ಎಂದು ಪಿಸಿಆರ್‌ನಲ್ಲಿ ಖಚಿತವಾಗಿತ್ತು. ಏಳೆಂಟು ತಿಂಗಳ ನಂತರ, ಅವರ ಒಪ್ಪಿಗೆ ಪಡೆದು ತೆಗೆದಿಟ್ಟ ಸೀರಂ ಎರಡನೆಯ ಟೈಪಿನ ಮೇಲೆ ಸುಮಾರು 1:600, ಮೂರನೆಯದರ ಮೇಲೆಯೂ 1:200ರಷ್ಟು ಟೈಟರ್ ತೋರಿಸಿತು, ಅಂದರೆ ಅಷ್ಟು ಪಟ್ಟು ತೆಳುವಾಗಿಸಿದರೂ ಸೀರಂ ವೈರಸ್ಸನ್ನು ತಡೆಯುತ್ತಿತ್ತು. ಇವರಿಗಿನ್ನು ಮೂರನೆಯದರ ಭಯವಿಲ್ಲ ಎಂದುಕೊಂಡೆವು. ಮರುವರ್ಷದ ಮಳೆಗಾಲದಲ್ಲಿ ಅದೇ ಮೂರನೆಯ ಟೈಪಿನಿಂದ ಅವರು ಆಸ್ಪತ್ರೆ ಸೇರಿದರು. ಪ್ಲೇಟ್‌ಲೆಟ್ 20 ಸಾವಿರದ ಹತ್ತಿರಕ್ಕೆ ಇಳಿದು, ಆರು ದಿನ ಮಲಗಿದರು. ನಮ್ಮ ಪರೀಕ್ಷೆಯೇ ನಮ್ಮನ್ನು ದಾರಿ ತಪ್ಪಿಸಿದೆ ಎಂದು ನನಗೆ ಆಗಲೇ ಅನಿಸಿತು.

ಸೊಳ್ಳೆಯ ಕೋಶದಲ್ಲಿ ಫ್ಯೂರಿನ್ ಎಂಬ ಕಿಣ್ವ ವೈರಸ್ ಕಣದ ಮೇಲಿನ ಪ್ರಿಎಂ ಪ್ರೋಟೀನನ್ನು ಪೂರ್ತಿಯಾಗಿ ಕತ್ತರಿಸುವುದಿಲ್ಲ; ಅದು ಕತ್ತರಿಸಿದಾಗಲೇ ಕಣ ಪಕ್ವವಾಗುವುದು. ಆದ್ದರಿಂದ ಕಣದ ಮೇಲ್ಮೈ ಅಲ್ಲಲ್ಲಿ ಬಾಯಿಬಿಟ್ಟುಕೊಂಡಿರುತ್ತದೆ, ನಾಲ್ಕೂ ಟೈಪುಗಳಲ್ಲಿ ಒಂದೇ ತೆರನಾದ ಫ್ಯೂಷನ್ ಲೂಪ್ ಎಂಬ ಭಾಗವನ್ನು ಗುರುತಿಸುವ ಅಡ್ಡ ಪ್ರತಿಕಾಯಗಳಿಗೆ ಅಲ್ಲಿ ಸುಲಭವಾಗಿ ಹಿಡಿತ ಸಿಗುತ್ತದೆ. ರೋಗಿಯ ರಕ್ತದಲ್ಲಿರುವ ಕಣಗಳು ಹೆಚ್ಚಾಗಿ ಪಕ್ವವಾದವು, ಅವು ಆ ಹಿಡಿತ ಕೊಡುವುದಿಲ್ಲ. ಹಾಗಾಗಿ ಫ್ಯೂರಿನ್ ಜೀನನ್ನು ವೀರೋ ಎಂಬ ಕೋತಿಯ ಕೋಶಗಳಿಗೆ ಸೇರಿಸಿ, ನಾಲ್ಕೂ ಟೈಪುಗಳನ್ನು ಅದರಲ್ಲಿ ಬೆಳೆಸಲು ಹೊರಟೆ.

ಮೊದಲ ಮೂರು ತಿಂಗಳು ಎಲ್ಲವೂ ಚೆನ್ನಾಗಿತ್ತು. ಕೋಶಗಳನ್ನು ಹೊಸ ಪಾತ್ರೆಗೆ ಹದಿನೈದನೆಯ ಸಲ ವರ್ಗಾಯಿಸುವ (ಪ್ಯಾಸೇಜ್) ಹೊತ್ತಿಗೆ ಟೈಟರುಗಳು ಮತ್ತೆ ಹಳೆಯ ವೈರಸ್ಸಿನಂತೆಯೇ ಬರತೊಡಗಿದವು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಬ್ಲಾಟ್ ಮಾಡಿ ನೋಡಿದಾಗ, ಮಾಯವಾಗಿದ್ದ ಪ್ರಿಎಂ ಪಟ್ಟಿ 20 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಮೊದಲು ಬೂದಿಗೆರೆಯಂತೆ, ಮುಂದಿನ ಬ್ಯಾಚಿನಲ್ಲಿ ಕಪ್ಪಾಗಿ ಕಾಣಿಸಿತು. ಹಣ ಉಳಿಸಲು, ಸೇರಿಸಿದ ಜೀನ್ ಇರುವ ಕೋಶಗಳನ್ನಷ್ಟೇ ಉಳಿಸುವ ಪ್ಯೂರೋಮೈಸಿನ್ ಔಷಧ ಹಾಕುವುದನ್ನು ನಿಲ್ಲಿಸಿದ್ದೆ. ಕೋಶಗಳು ಜೀನನ್ನು ಸುಮ್ಮನಾಗಿಸಿಬಿಟ್ಟಿದ್ದವು. ಕೆಲವು ಸಾವಿರ ಉಳಿಸಲು ಹೋಗಿ ಒಂದೂವರೆ ಲಕ್ಷದ ಕೆಲಸ ಹಾಳಾಯಿತು. ಈಗ ಪ್ರತಿ ಬ್ಯಾಚಿಗೂ ಬ್ಲಾಟ್ ನೋಡದೆ ಒಂದು ಪ್ಲೇಟನ್ನೂ ಹಾಕುವುದಿಲ್ಲ. ಅದರ ಬೆನ್ನಲ್ಲೇ ಕೋಶಗಳಿಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಬಂದು ಎರಡು ತಿಂಗಳು ತಿಂದಿತು. ಆಮೇಲೆ ದೀಪಾವಳಿ ರಜೆಯಲ್ಲಿ ಕರೆಂಟ್ ಹೋಗಿ ಮೈನಸ್ 80ರ ಫ್ರೀಜರ್ ಕೈಕೊಟ್ಟಿತು. ದುರಸ್ತಿಯವರು ಬಂದದ್ದು ನಾಲ್ಕನೆಯ ದಿನ.

ಖರ್ಚಿನಲ್ಲಿ ದೊಡ್ಡ ಪಾಲು ಕೋಶ ಬೆಳೆಸಲು ಬೇಕಾದ ಕರುವಿನ ಭ್ರೂಣದ ಸೀರಂ ಆದ ಎಫ್‌ಬಿಎಸ್‌ನದು, ಆಗ ಅರ್ಧ ಲೀಟರಿಗೆ ಸುಮಾರು 45 ಸಾವಿರ ರೂಪಾಯಿ. ಫೋಸೈಗೆ (ಸೋಂಕು ತಗುಲಿದ ಕೋಶಗಳ ಗುಂಪಿನ ಚುಕ್ಕೆಗಳಿಗೆ) ಬಣ್ಣ ಬರಿಸುವ 4ಜಿ2 ಎಂಬ ಪ್ರತಿಕಾಯವನ್ನು ಮೊದಲು ಕೊಂಡೆ. ಎರಡನೆಯ ಬಿಲ್ ಕಂಡ ಮೇಲೆ ಆ ಪ್ರತಿಕಾಯವನ್ನು ತಯಾರಿಸುವ ಹೈಬ್ರಿಡೋಮಾ ಕೋಶಗಳನ್ನು ತರಿಸಿ ನಾನೇ ಬೆಳೆಸಿಕೊಂಡೆ. ಅಷ್ಟರಲ್ಲೇ ವರ್ಷಕ್ಕೆ ಲಕ್ಷದ ಮೇಲೆ ಉಳಿಯಿತು, ಬಣ್ಣವೂ ಕೊಂಡದ್ದಕ್ಕಿಂತ ಸ್ವಚ್ಛವಾಗಿ ಬರುತ್ತದೆ. ನಾಲ್ಕನೆಯ ಟೈಪಿನ ಫೋಸೈ ಮಾತ್ರ ಸಾಸಿವೆಗಿಂತಲೂ ಸಣ್ಣವಾಗಿ ಬಂದು ಎಣಿಸಲಾಗದೆ ಬಹಳ ಕಾಡಿದವು. ಅದಕ್ಕೆ ಕೋಶಗಳ ಮೇಲೆ ಹೊದಿಸುವ ಗಟ್ಟಿ ದ್ರವವಾದ ಸಿಎಂಸಿಯ ಪ್ರಮಾಣವನ್ನೂ ವೈರಸ್ ಕೊಯ್ಲಿನ ಗಂಟೆಯನ್ನೂ ಬದಲಿಸಿಕೊಂಡಿದ್ದೇನೆ. ಎಷ್ಟಕ್ಕೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೊನೆಗೆ ಆ ಹಳೆಯ ಸೀರಂ ತೆಗೆದು ಪಕ್ವ ವೈರಸ್ಸಿನ ಮೇಲೆ ಹಾಕಿದೆ. ಎರಡನೆಯ ಟೈಪಿನ ಟೈಟರ್ 1:450ರ ಹತ್ತಿರ ನಿಂತಿತು; ಮೂರನೆಯದು 1:20ಕ್ಕಿಂತ ಕೆಳಗೆ ಬಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ ಬಂತು. ನಲವತ್ತು ಚಿಲ್ಲರೆ ಸೀರಂಗಳನ್ನು ನೋಡಿದ ಮೇಲೆ, ಒಂದೇ ಸಲ ಸೋಂಕು ಬಂದವರಲ್ಲಿ ಬಹುತೇಕ ಎಲ್ಲರಲ್ಲೂ ಬಂದ ಟೈಪಿನ ವಿರುದ್ಧದ ಬಲ ನಿಂತು, ಉಳಿದವುಗಳ ವಿರುದ್ಧದ್ದು ಕರಗುವುದನ್ನು ಕಂಡೆ. ಇಬ್ಬರಲ್ಲಿ ಮಾತ್ರ ತಮ್ಮದೇ ಟೈಪಿನ ಟೈಟರೂ ಕೆಳಗಿತ್ತು. ಪೆರುವಿನ ಇಕಿಟೋಸ್‌ನಲ್ಲಿ ಎರಡನೆಯ ಟೈಪ್ ಒಬ್ಬರಿಗೇ ಎರಡು ಸಲ ಬಂದದ್ದು ದಾಖಲಾಗಿರುವುದರಿಂದ ಅವರಿಬ್ಬರನ್ನು ನಾನು ಕಡೆಗಣಿಸಿಲ್ಲ. ಸಭೆಯಲ್ಲಿ ಪ್ರಶ್ನಿಸಿದ್ದ ಹಿರಿಯರು ಈಗ ತಮ್ಮ ಸೀರಂಗಳನ್ನು ನನಗೇ ಕಳುಹಿಸುತ್ತಾರೆ.

ನಡುವೆ ಸೀರಂ–ವೈರಸ್ ಮಿಶ್ರಣವನ್ನು 37 ಡಿಗ್ರಿಯಲ್ಲಿ ಒಂದು ಗಂಟೆಯ ಬದಲು ರಾತ್ರಿಯಿಡೀ ಇಟ್ಟು ನೋಡಿದೆ. ಸೀರಂ ಇಲ್ಲದ ವೆಲ್‌ಗಳಲ್ಲೂ ವೈರಸ್ ಸತ್ತುಹೋಗುತ್ತಿದ್ದುದರಿಂದ ಕೈಬಿಟ್ಟೆ. ಪ್ರತಿಕಾಯ ಅಂಟಿದ ವೈರಸ್ಸನ್ನು ಒಳಗೆಳೆದುಕೊಳ್ಳುವ ಕೆ562 ಎಂಬ ರಕ್ತಕೋಶಗಳ ಪ್ರಯೋಗ ಹೆಚ್ಚು ಕಲಿಸಿತು. ಅದೇ ಹಳೆಯ ಸೀರಂ 1:50ರಲ್ಲಿ ಮೂರನೆಯ ಟೈಪಿನ ಸೋಂಕನ್ನು ನೂರಕ್ಕೆ ಮೂರು ಕೋಶಗಳಿಂದ ಇಪ್ಪತ್ತೈದರವರೆಗೆ ಏರಿಸಿತು. ನಿಕರಾಗುವಾದ ಮಕ್ಕಳಲ್ಲಿ ಎಲೈಸಾ (ವೈರಸ್ಸಿಗೆ ಕಟ್ಟಿಕೊಳ್ಳುವ ಪ್ರತಿಕಾಯವನ್ನು ಅಳೆಯುವ ಪರೀಕ್ಷೆ) ಟೈಟರ್ 1:21ರಿಂದ 1:80ರ ನಡುವೆ ಇದ್ದವರಿಗೇ ತೀವ್ರ ಡೆಂಗಿಯ ಅಪಾಯ ಹೆಚ್ಚೆಂದು 2017ರಲ್ಲಿ ಪ್ರಕಟವಾದದ್ದನ್ನು ಓದಿದ್ದೆ. ಕಟ್ಟಿಕೊಂಡರೂ ಕಾಯದ ಪ್ರತಿಕಾಯ ಎಂಥದೆಂದು ನನ್ನದೇ ಪ್ಲೇಟಿನಲ್ಲಿ ಕಂಡದ್ದು ಅಂದು.

ಎರಡನೆಯ ಸೋಂಕಿನಿಂದ ಚೇತರಿಸಿಕೊಂಡ ಆ ಸಹೋದ್ಯೋಗಿ ಕಳೆದ ತಿಂಗಳು ತಾವಾಗಿಯೇ ಬಂದು ರಕ್ತ ಕೊಟ್ಟರು. ಪಕ್ವ ಕಣಗಳ ಮೇಲೆ ಎರಡನೆಯ ಮತ್ತು ಮೂರನೆಯ ಟೈಪುಗಳಿಗೆ 1:500ರ ಮೇಲಿದೆ, ಅವರಿಗೆ ಎಂದೂ ಬಾರದ ಮೊದಲನೆಯದಕ್ಕೂ 1:150ರಷ್ಟಿದೆ. ನಾಲ್ಕನೆಯದರ ಪ್ಲೇಟು ಇನ್ನೂ ಇನ್‌ಕ್ಯುಬೇಟರಿನಲ್ಲಿದೆ.