ಬ್ರಶ್ ತೊಳೆಯೋಕೆ ಮುಂಚೆ ನಲ್ಲಿ ತಿರುಗಿಸ್ಬೇಡಿ

ಪೇಂಟಿಂಗ್ ಮುಗೀತಿದ್ದ ಹಾಗೇ ಬ್ರಶ್ಶು ರೋಲರ್ರು ಎಲ್ಲಾ ಎತ್ಕೊಂಡು ಹೋಗಿ ನಲ್ಲಿ ಕೆಳಗೆ ಹಿಡಿಯೋದು ತುಂಬಾ ಜನರ ಅಭ್ಯಾಸ, ನೀರು ತಿಳಿ ಆಗೋವರೆಗೂ ಬಿಡ್ತಾನೇ ಇರ್ತಾರೆ. ಆದ್ರೆ ಎಮಲ್ಷನ್ನು, ಅಕ್ರಿಲಿಕ್ಕು ಥರದ ನೀರು ಬೆರೆಸೋ ಪೇಂಟು ನೀರಲ್ಲಿ ಸಕ್ಕರೆ ಥರ ಕರಗಿಬಿಡಲ್ಲ, ಅದರಲ್ಲಿರೋದು ಪ್ಲಾಸ್ಟಿಕ್ಕಿನ ತೀರಾ ಸಣ್ಣ ಕಣಗಳು. ಮಳೆನೀರಿನ ಚರಂಡಿಗೆ ಬಿಟ್ರೆ ಅದು ಸಾಮಾನ್ಯವಾಗಿ ಎಲ್ಲೂ ಶುದ್ಧ ಆಗದೆ ಸೀದಾ ಕೆರೆಗೋ ಹೊಳೆಗೋ ಸೇರತ್ತೆ.

ಅದಕ್ಕೇ ಮೊದಲು ಒರೆಸಿ. ಬ್ರಶ್ಶನ್ನ ಡಬ್ಬದ ಅಂಚಿಗೆ ಒತ್ತಿ ಎಳೆದು ಬಣ್ಣನ ಡಬ್ಬಕ್ಕೇ ವಾಪಸ್ ಇಳಿಸಿ, ರೋಲರನ್ನ ಪಟ್ಟಿಯಿಂದ ಕೆರೆಯಿರಿ, ಒಂದು ರೋಲರ್ ಎಷ್ಟು ಬಣ್ಣ ಕುಡಿದಿರತ್ತೆ ಅಂತ ಆಗ ಗೊತ್ತಾಗತ್ತೆ! ಉಳಿದಿದ್ದನ್ನ ಹಳೇ ಪೇಪರ್ ಮೇಲೆ ಉಜ್ಜಿ. ನಾಳೆನೂ ಅದೇ ಬಣ್ಣ ಹೊಡೆಯೋದಿದ್ರೆ ತೊಳೆಯೋದೇ ಬೇಡ, ಗಾಳಿ ಆಡದ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ರೆ ಸಾಕು.

ಆಮೇಲೆ ಎರಡು ಬಕೆಟ್, ಎರಡರಲ್ಲೂ ಸ್ವಲ್ಪ ಸ್ವಲ್ಪನೇ ನೀರು. ಒಂದರಲ್ಲಿ ಸೋಪು ಹಾಕಿ ತಿಕ್ಕಿ, ಇನ್ನೊಂದರಲ್ಲಿ ಜಾಲಿಸಿ. ಆ ನೀರನ್ನ ಒಂದೆರಡು ದಿನ ಅಲ್ಲಾಡಿಸದೆ ಬಿಟ್ರೆ ಬಣ್ಣ ಒಂದಷ್ಟು ತಳಕ್ಕೆ ಕೂರತ್ತೆ, ಬೇಗ ಆಗ್ಬೇಕಾ, ಕೆಸರು ನೀರಿಗೆ ಹಾಕೋ ಹಾಗೆ ಸ್ವಲ್ಪ ಪಟಿಕ ಹಾಕಿ ನೋಡಿ. ಮೇಲಿನ ತಿಳಿಯನ್ನ ಮುಂದಿನ ಸಲದ ಮೊದಲ ತೊಳೆತಕ್ಕೆ ಇಟ್ಕೊಳ್ಳಿ, ಇಲ್ಲಾಂದ್ರೆ ಒಳಚರಂಡಿಗೆ ಸೇರೋ ಟಾಯ್ಲೆಟ್‌ಗೆ ಹಾಕಿ, ಗಿಡಗಳ ಬುಡಕ್ಕಂತೂ ಬೇಡ. ತಳದ ಗಸಿನ ಪೇಪರ್ ಮೇಲೆ ಹರಡಿ ಪೂರ್ತಿ ಒಣಗಿಸಿ ಕಸಕ್ಕೆ ಕೊಡಿ.

ಎನಾಮೆಲ್ ಥರದ ಆಯಿಲ್ ಪೇಂಟ್ ಆದ್ರೆ ವಿಷಯನೇ ಬೇರೆ, ಅದಕ್ಕೆ ಥಿನ್ನರೋ ಟರ್ಪೆಂಟೈನೋ ಬೇಕು ಮತ್ತೆ ಇವೆರಡನ್ನೂ ಮೋರಿಗಾಗ್ಲಿ ಮಣ್ಣಿಗಾಗ್ಲಿ ಒಂದು ತೊಟ್ಟೂ ಬಿಡಬಾರದು. ಕಿಟಕಿ ತೆಗೆದಿಡಿ, ಹತ್ರ ಬೆಂಕಿ ಬೇಡ, ಗ್ಲೌಸ್ ಹಾಕ್ಕೊಳ್ಳಿ. ಗಾಜಿನ ಜಾಡಿಯಲ್ಲಿ ಸ್ವಲ್ಪ ಥಿನ್ನರ್ ಹಾಕಿ ಬ್ರಶ್ ಅದ್ದಿ ತೊಳೆದು ಮುಚ್ಚಳ ಬಿಗಿ ಮಾಡಿ ಇಟ್ಬಿಡಿ, ಕೆಲವು ದಿನದಲ್ಲಿ ಬಣ್ಣ ಕೆಳಗಿಳಿದು ಮೇಲೆ ತಿಳಿ ಥಿನ್ನರ್ ನಿಲ್ಲತ್ತೆ, ಅದನ್ನ ಮೆಲ್ಲಗೆ ಬಸಿದ್ಕೊಂಡ್ರೆ ಮತ್ತೆ ಮತ್ತೆ ಬಳಸ್ಬೋದು. ಉಳಿದ ಗಸಿ ಅಪಾಯಕಾರಿ ತ್ಯಾಜ್ಯ, ಮುಚ್ಚಿಟ್ಟು ಅಂಥ ಕಸ ತಗೊಳ್ಳೋ ಕಡೆನೇ ಕೊಡ್ಬೇಕು.

ಇಲ್ಲೊಂದು ಮಾತು ದಯವಿಟ್ಟು ನೆನಪಿಡಿ. ಅಗಸೆ ಎಣ್ಣೆ ಅಥವಾ ಆಯಿಲ್ ಪೇಂಟ್ ಒರೆಸಿದ ಬಟ್ಟೆನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ. ಎಣ್ಣೆ ಒಣಗ್ತಾ ಗಾಳಿಯ ಆಕ್ಸಿಜನ್ ಜೊತೆ ಸೇರಿ ಬಿಸಿ ಹುಟ್ಟತ್ತೆ, ಮುದ್ದೆ ಒಳಗೆ ಆ ಬಿಸಿ ಹೋಗೋಕೆ ದಾರಿ ಇರಲ್ಲ, ಕಿಡಿ ಇಲ್ದೇನೂ ಹೊತ್ಕೊಳ್ಬೋದು. ಹೊರಗಡೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲಾ ನೀರು ತುಂಬಿದ ಲೋಹದ ಡಬ್ಬದಲ್ಲಿ ಮುಳುಗಿಸಿ ಮುಚ್ಚಿ.

ಅಕ್ರಿಲಿಕ್ ಒಣಗಿ ಗಟ್ಟಿಯಾದ ಬ್ರಶ್ಶನ್ನ ಬಿಸಾಕೋ ಮುಂಚೆ ಬಿಸಿ ವಿನೆಗರಲ್ಲಿ ಅರ್ಧ ಗಂಟೆ ನೆನೆಸಿ ಬಾಚಿ ನೋಡಿ, ಎಷ್ಟೋ ಸಲ ಬದುಕತ್ತೆ. ಖಾಲಿ ಲೋಹದ ಡಬ್ಬಗಳನ್ನ ಒಳಗೆ ಪೂರ್ತಿ ಒಣಗಿಸಿ, ಮುಚ್ಚಳ ಬೇರೆ ಮಾಡಿ ಗುಜರಿಗೆ ಕೊಡಿ, ತಗೊಳ್ಳೋರಿಗೆ ಒಳಗೆ ಹಸಿ ಬಣ್ಣ ಇಲ್ಲ ಅಂತ ಕಣ್ಣಿಗೇ ಕಾಣ್ಬೇಕು.