ಬಿ ದರ್ಜೆಯ ಬೀನ್ಸ್‌ನಿಂದ ವೆನಿಲಾ ಎಕ್ಸ್‌ಟ್ರಾಕ್ಟ್: ನನ್ನ ಅನುಭವ

ವೆನಿಲಾ ಬಳ್ಳಿಯ ಒಣಗಿಸಿದ ಕೋಡುಗಳನ್ನು, ಅಂದರೆ ಬೀನ್ಸ್ ಅನ್ನು, ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆದ ಸಾರವೇ ವೆನಿಲಾ ಎಕ್ಸ್‌ಟ್ರಾಕ್ಟ್. ಅದಕ್ಕೆ ಒಣಕಲು ಬಿ ದರ್ಜೆಯ ಬೀನ್ಸ್, ನೀರು ಬೆರೆಸಿದ ಆಲ್ಕೋಹಾಲ್, ಬಿಸಿ ಮಾತ್ರ ಬೇಡವೇ ಬೇಡ. ನಾನು ಹೀಗೆಂದಾಗ ಈ ಕೆಲಸದಲ್ಲಿ ಪಳಗಿದವರೇ ಆಗುವ ಮಾತಲ್ಲ ಎಂದಿದ್ದರು. ಈಗ ವರ್ಷ ದಾಟಿದ ನನ್ನ ಜಾಡಿಗಳನ್ನು ಮೂಸಿ ನೋಡಿ ಅವರೇ ಅಳತೆ ಕೇಳುತ್ತಿದ್ದಾರೆ.

ಮೊದಲು ದುಡ್ಡಿನ ವಿಷಯ. ನನ್ನ ಖರ್ಚಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬೀನ್ಸ್‌ಗೇ ಹೋಗುತ್ತದೆ. ಹೋಗಲೇಬೇಕು. ಹೂವು ಅರಳಿರುವುದು ಒಂದೇ ದಿನ, ಅಷ್ಟರಲ್ಲಿ ಒಂದೊಂದಕ್ಕೂ ಕೈಯಿಂದ ಪರಾಗಸ್ಪರ್ಶ ಆಗಬೇಕು. ಮೆಕ್ಸಿಕೊದ ಈ ಬಳ್ಳಿ ಬೇರೆ ಕಡೆ ಹೂ ಬಿಟ್ಟರೂ ಕಾಯಿ ಕಚ್ಚುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮಗಿರಿಯಲ್ಲಿದ್ದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಹುಡುಗ ಕಡ್ಡಿಯಿಂದ ಮಾಡಿ ತೋರಿಸಿದ ಉಪಾಯವೇ ಇವತ್ತಿಗೂ ಮಡಗಾಸ್ಕರ್‌ನ ತೋಟಗಳನ್ನು ನಡೆಸುತ್ತಿದೆ. ಆ ಹುಡುಗನಿಗೆ ಅದರಿಂದ ಏನೂ ದಕ್ಕಲಿಲ್ಲ ಎಂಬುದು ನನಗೆ ಈಗಲೂ ಸಂಕಟ. ಕೋಡು ಬಲಿಯಲು ಎಂಟೊಂಬತ್ತು ತಿಂಗಳು, ಆಮೇಲೆ ಬಿಸಿನೀರು, ಬೆವರಿಸುವುದು, ಒಣಗಿಸುವುದು, ಹದಗೊಳಿಸುವುದು. ಐದಾರು ಕಿಲೊ ಹಸಿ ಕೋಡು ಕೊನೆಗೆ ಒಂದು ಕಿಲೊ. 2018ರ ಹೊತ್ತಿಗೆ ಜಾಗತಿಕ ಬೆಲೆ ಕಿಲೊಗೆ 600 ಡಾಲರ್ ಆಸುಪಾಸು ಮುಟ್ಟಿತ್ತು.

ಇಷ್ಟು ದುಬಾರಿ ಮಾಲಿನಲ್ಲಿ ನೀರಿಗೂ ಅದೇ ಬೆಲೆ ತೆರಬೇಕೇ? ಮಿರಮಿರ ಮಿಂಚುವ ಎ ದರ್ಜೆಯಲ್ಲಿ ಶೇ 30ರ ಮೇಲೆ ತೇವಾಂಶವೇ ಇರುತ್ತದೆ. ಬಿ ದರ್ಜೆಯಲ್ಲಿ 20ರ ಆಸುಪಾಸು. ಮೈ ಬಿರಿದಿರುತ್ತದೆ, ಬಗ್ಗಿಸಿದರೆ ಮುರಿಯುತ್ತದೆ, ಬೆಲೆಯೂ ಇಳಿದಿರುತ್ತದೆ. ಜಾಡಿಗೆ ಬಿದ್ದ ಮೇಲೆ ಅಂದ ಯಾರು ನೋಡುತ್ತಾರೆ! ಅಮೆರಿಕದ ಆಹಾರ ನಿಯಮ ಕೂಡ ಶೇ 25ರೊಳಗಿನ ತೇವದ ಲೆಕ್ಕದಲ್ಲೇ ಗ್ಯಾಲನ್‌ಗೆ 13.35 ಔನ್ಸ್ ಬೀನ್ಸ್ ಕೇಳುತ್ತದೆ. ಅಂದರೆ ಲೀಟರಿಗೆ 100 ಗ್ರಾಂ, ಆಲ್ಕೋಹಾಲ್ ಕನಿಷ್ಠ ಶೇ 35. ನಾನು 120 ಗ್ರಾಂವರೆಗೂ ಹಾಕುತ್ತೇನೆ.

ಕೆಟ್ಟುಹೋದ ಜಾಡಿಗಳೇನು ಕಡಿಮೆಯಿಲ್ಲ. ಶೇ 95ರ ಆಲ್ಕೋಹಾಲ್‌ನಲ್ಲಿ ನೆನೆಸಿದ್ದು ಬೇಗ ಕಪ್ಪಾಯಿತು. ಎಲ್ಲರೂ ಮೆಚ್ಚಿದರು. ನೀರು ಸೇರಿಸಿದ ಕೂಡಲೇ ರಾಳ ಒಡೆದು ಕದಡಿತು, ನಾಲಿಗೆಗೆ ಒಗರು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿದ್ದು ಕೆಸರಾಗಿ ಕೂತು, ಸೋಸುವಾಗ ಬಟ್ಟೆಯೇ ಕಾಲು ಭಾಗ ಕುಡಿದುಬಿಟ್ಟಿತು. ಬಿಸಿ ಮಾಡಿದ್ದರಲ್ಲಿ ನವಿರು ಪರಿಮಳವೆಲ್ಲ ಹಾರಿ, ಬೇಯಿಸಿದ ಮರದ ವಾಸನೆ ಉಳಿಯಿತು. ಆ ಜಾಡಿಗಳಲ್ಲಿ ಮುಳುಗಿದ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗಿನ ರೀತಿ: ಬೆರಳಿನ ಅರ್ಧ ಗೆಣ್ಣಿನಷ್ಟು ತುಂಡು, ಶೇ 45ರ ಆಸುಪಾಸಿನ ಆಲ್ಕೋಹಾಲ್, ಕತ್ತಲೆ ಮೂಲೆ. ಮೊದಲ ತಿಂಗಳು ದಿನಾ ಕುಲುಕು, ಆಮೇಲೆ ವಾರಕ್ಕೊಮ್ಮೆ. ಎಂಟು ತಿಂಗಳಿಗೆ ಮುಂಚೆ ನಾನು ಸೋಸುವುದಿಲ್ಲ. ಮಧ್ಯೆ ಒಮ್ಮೆ ದ್ರವ ಬಸಿದು ಬೀನ್ಸ್‌ಗೆ ಒಂದು ಕೆಲಸ ಮಾಡುತ್ತೇನೆ, ಅದನ್ನು ಮಾತ್ರ ಕೇಳಬೇಡಿ. ಸೋಸಿದ ಮೇಲೂ ಒಂದೆರಡು ತಿಂಗಳು ಕೂರಿಸಿ, ಒರಟು ಇಳಿಯುತ್ತದೆ.

ಗ್ಲಿಸರಿನ್‌ನಲ್ಲೂ ನೋಡಿದೆ. ಸಿಹಿಯೇನೋ ಇದೆ, ಪರಿಮಳ ಮಂಕು. ಆಲ್ಕೋಹಾಲ್ ಬೇಡ ಎನ್ನುವವರಿಗೆ ಅಡ್ಡಿಯಿಲ್ಲ, ಆದರೆ ಅದನ್ನು ಎಕ್ಸ್‌ಟ್ರಾಕ್ಟ್ ಎನ್ನಲು ನನಗೆ ಮನಸ್ಸಿಲ್ಲ.

ಇದರಲ್ಲಿ ಪೌಷ್ಟಿಕಾಂಶ ಏನಿದೆ ಎಂದು ಕೇಳುವವರಿಗೆ ನೇರ ಉತ್ತರ: ಟೀ ಚಮಚಕ್ಕೆ 12 ಕ್ಯಾಲರಿ, ಅದರಲ್ಲೂ ಬಹುಪಾಲು ಆಲ್ಕೋಹಾಲ್‌ನದು. ಪ್ರೋಟೀನ್, ಕೊಬ್ಬು, ನಾರು ಇಲ್ಲವೆನ್ನುವಷ್ಟು. ಆಂಟಿಆಕ್ಸಿಡೆಂಟ್ ಎಂದು ಸಾರಿ ಮಾರುವುದು ನನಗೆ ಒಗ್ಗದು. ನಿಜವಾದ ಉಪಯೋಗ ಬೇರೆ. ಈ ಪರಿಮಳವಿದ್ದರೆ ನಾಲಿಗೆಗೆ ಸಿಹಿ ಹೆಚ್ಚೆನಿಸುತ್ತದೆ, ಹಾಗಾಗಿ ಕಾಸಿದ ಹಾಲಿಗೆ ಸಕ್ಕರೆಯನ್ನು ಕಾಲು ಭಾಗದಷ್ಟು ಇಳಿಸಿದರೂ ನಮ್ಮಲ್ಲಿ ಯಾರೂ ತಕರಾರು ತೆಗೆದಿಲ್ಲ.

ಸೋಸಿದ ಚರಟ ಎಸೆಯಬೇಡಿ. ಚೆನ್ನಾಗಿ ಒಣಗಿಸಿ ಸಕ್ಕರೆಯಲ್ಲಿ ಹೂತಿಡಿ, ಎರಡು ಮೂರು ವಾರದಲ್ಲಿ ಸಕ್ಕರೆಗೆ ಘಮ ಹಿಡಿಯುತ್ತದೆ. ಅದನ್ನೇ ಎರಡನೇ ಸಲ ಆಲ್ಕೋಹಾಲ್‌ನಲ್ಲಿ ನೆನೆಸಿದ್ದೂ ಇದೆ, ಬಣ್ಣ ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಸದ್ಯ ಲೀಟರಿಗೆ 200 ಗ್ರಾಂನ ಇಮ್ಮಡಿ ಜಾಡಿ ಇಟ್ಟಿದ್ದೇನೆ. ಒಂದೇ ಸಲಕ್ಕೆ ಅಷ್ಟೂ ತುಂಬಿದರೆ ದ್ರವ ಮೇಲೆ ಬರುವುದಿಲ್ಲ, ಅರ್ಧರ್ಧವಾಗಿ ಎರಡು ಸಲ ಹಾಕಬೇಕು.